ಟ್ಯಾಕೋ ಟ್ರಕ್ಕಿನ ಮುಂದೆ ನಿಂತು ತಿನ್ನುವ ಕ್ರಮ: ನನ್ನ ಅನುಭವ

ಟ್ಯಾಕೋ ಅಂದರೆ ಟೋರ್ಟಿಯಾ ಎಂಬ ಪುಟ್ಟ ರೊಟ್ಟಿಯ ಮೇಲೆ ಮಾಂಸ ಹಾಕಿ ಮಡಚಿ ತಿನ್ನುವ ಮೆಕ್ಸಿಕೋದ ತಿನಿಸು. ಕೈಗೆ ಬಂದ ಟ್ಯಾಕೋದ ಆಯಸ್ಸು ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಆಮೇಲೆ ಕೊಬ್ಬು ಹೆಪ್ಪುಗಟ್ಟುತ್ತದೆ, ಟೋರ್ಟಿಯಾ ನೆಂದು ಹರಿಯುತ್ತದೆ. ಲಾಸ್ ಏಂಜಲೀಸ್‌ನ ಟ್ಯಾಕೋ ಮಾರುವ ಟ್ರಕ್ಕುಗಳ ಮುಂದೆ ನಾನು ಮಾಡುವುದೆಲ್ಲ ಆ ಮೂರು ನಿಮಿಷದ ಸಲುವಾಗಿಯೇ.

ಲಾ ಬ್ರೆಯಾ ಮತ್ತು ವೆನಿಸ್ ರಸ್ತೆಗಳು ಕೂಡುವ ಮೂಲೆಯ ಲಿಯೋಸ್ ಟ್ಯಾಕೋಸ್ ಹೆಸರಾಗಿರುವುದು ಅಲ್ ಪಾಸ್ತೋರ್‌ಗೆ. ಅಚಿಯೋಟೆ (ಕೆಂಪು ಬಣ್ಣ ಕೊಡುವ ಬೀಜ), ಒಣಮೆಣಸಿನಕಾಯಿ, ವಿನೆಗರ್ ಸವರಿದ ಹಂದಿಮಾಂಸದ ತೆಳು ಹಾಳೆಗಳನ್ನು ನಿಂತ ಕಂಬಿಗೆ ಪೋಣಿಸಿ ಬೆಂಕಿಯ ಪಕ್ಕ ತಿರುಗಿಸುತ್ತಾರೆ. ಆ ಕಂಬಿಗೆ ತ್ರೋಂಪೋ ಎಂದು ಹೆಸರು, ಅಂದರೆ ಬುಗುರಿ. ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ವಲಸೆ ಬಂದವರ ಶವರ್ಮಾವೇ ಇದರ ಮೂಲ. ನಾನು ಹೋಗುವುದು ಕತ್ತಲಾದ ಮೇಲೆ. ಹಗಲಲ್ಲಿ ಎಷ್ಟೋ ಟ್ರಕ್ಕುಗಳು ತ್ರೋಂಪೋ ಹೂಡುವುದಿಲ್ಲ, ಹೆಚ್ಚಿಟ್ಟ ಮಾಂಸವನ್ನು ಕಾವಲಿ ಮೇಲೆ ಬಾಡಿಸಿ ಕೊಡುತ್ತವೆ. ಅದರಲ್ಲಿ ಗರಿಯಾದ ಅಂಚು ಸಿಗುವುದಿಲ್ಲ. ಜನ ಕಡಿಮೆಯಿದ್ದರೂ ಕಷ್ಟವೇ: ಹೊರಪದರ ಬೇಗ ಬೇಗ ಕೊಯ್ದು ಹೋಗದಿದ್ದರೆ ಒಣಗಿ ಚಕ್ಕೆಯಾಗುತ್ತದೆ. ಸಾಲು ಉದ್ದವಿದ್ದರೆ ಒಳ್ಳೆಯದೆಂದೇ ನಿಲ್ಲುತ್ತೇನೆ.

ಸಾಲಿನಲ್ಲಿರುವಾಗಲೇ ಚಿಲ್ಲರೆ ನೋಟು ಕೈಯಲ್ಲಿರಲಿ, ಹೇಳಬೇಕಾದದ್ದು ತಲೆಯಲ್ಲಿರಲಿ. ‘ತ್ರೆಸ್ ಅಲ್ ಪಾಸ್ತೋರ್, ಕೋನ್ ತೋದೋ’ ಅಂದರೆ ಮೂರು ಟ್ಯಾಕೋ, ಈರುಳ್ಳಿ ಕೊತ್ತಂಬರಿ ಎಲ್ಲ ಹಾಕಿ. ‘ಕೋನ್ ಪಿಞಾ’ ಎಂದು ಸೇರಿಸಿದರೆ ತ್ರೋಂಪೋದ ನೆತ್ತಿಯಲ್ಲಿ ಕೂತ ಅನಾನಸಿನಿಂದ ಒಂದು ಚೂರು ಬೀಳುತ್ತದೆ. ಮಾಂಸದ ಹೆಸರುಗಳನ್ನು ಮೊದಲೇ ತಿಳಿದಿರಬೇಕು: ಅಸಾದಾ (ಸುಟ್ಟದ್ದು), ಸುವಾದೆರೋ (ಹೊಟ್ಟೆ ಮತ್ತು ಕಾಲಿನ ನಡುವಿನ ಮಾಂಸ), ಲೆಂಗ್ವಾ (ನಾಲಿಗೆ) ದನದವು, ಕಾರ್ನಿತಾಸ್ (ಕೊಬ್ಬಿನಲ್ಲಿ ಬೇಯಿಸಿದ್ದು) ಮತ್ತು ಬೂಚೆ (ಜಠರ) ಹಂದಿಯವು, ಪೋಯೋ ಕೋಳಿ. ಒಮ್ಮೆಗೆ ಮೂರಕ್ಕಿಂತ ಹೆಚ್ಚು ಹೇಳುವುದಿಲ್ಲ. ಐದು ತೆಗೆದುಕೊಂಡರೆ ಕೊನೆಯ ಎರಡು ಆರಿಹೋಗುತ್ತವೆ. ಬೇಕಾದರೆ ಮತ್ತೆ ಸಾಲಿಗೆ ನಿಲ್ಲುವುದೇ ವಾಸಿ.

ನಾಲ್ಕು ಇಂಚಿನ ಎರಡು ಟೋರ್ಟಿಯಾ ಒಂದರ ಮೇಲೊಂದು ಬರುತ್ತವೆ. ಮೇಲಿನದು ರಸ ಹೀರಿ ಹರಿದರೆ ಕೆಳಗಿನದು ಹಿಡಿದುಕೊಳ್ಳಲಿ ಎಂದು. ಇದಕ್ಕೆ ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಸುತ್ತಾರೆ, ಹೌದು, ನಾವು ವೀಳ್ಯದೆಲೆಗೆ ಸವರುವ ಸುಣ್ಣವೇ. ಸಿಪ್ಪೆ ಕರಗಿ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಕಾಳಿನಲ್ಲಿ ಸೆರೆಯಾಗಿದ್ದ ನಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುತ್ತದೆ. ಸುಣ್ಣ ಕಾಣದ ಬರೀ ಮುಸುಕಿನ ಜೋಳದ ಹಿಟ್ಟು ಕಲಸಿ ತಟ್ಟಿದರೆ ಆ ಘಮವೂ ಇಲ್ಲ, ಮಡಚಿದರೆ ಸೀಳುತ್ತದೆ.

ಸಾಲ್ಸಾ, ಅಂದರೆ ಮೇಲೆ ಹಾಕಿಕೊಳ್ಳುವ ಚಟ್ನಿ, ಅದರ ಕಡೆಗೆ ಹೆಚ್ಚಿನವರು ಎಡವುತ್ತಾರೆ. ತಿಳಿಹಸಿರಾಗಿ ಕೆನೆಯಂತಿರುವುದನ್ನು ಬೆಣ್ಣೆಹಣ್ಣಿನದು ಅಂದುಕೊಂಡು ಸುರಿದುಕೊಳ್ಳುತ್ತಾರೆ. ಎಷ್ಟೋ ಕಡೆ ಅದು ಹಸಿಮೆಣಸಿನಕಾಯಿಯನ್ನು ಎಣ್ಣೆಯೊಂದಿಗೆ ರುಬ್ಬಿದ್ದು. ಕಡುಗೆಂಪಿನದು ಚಿಲೆ ದೆ ಆರ್ಬೋಲ್ ಎಂಬ ಮೆಣಸಿನಕಾಯಿಯದು, ಖಾರ ತಡವಾಗಿ ಏರುತ್ತದೆ. ತಟ್ಟೆಯ ಅಂಚಿಗೆ ಒಂದೊಂದು ಹನಿ ಬಿಟ್ಟು ರುಚಿ ನೋಡಿ, ಆಮೇಲೆ ಟ್ಯಾಕೋದ ನಡುವೆ ಒಂದು ಚಮಚ, ಉದ್ದಕ್ಕೆ. ನಿಂಬೆಯನ್ನು ಒಟ್ಟಿಗೆ ಮೂರಕ್ಕೂ ಹಿಂಡಬಾರದು. ಬಾಯಿಗಿಡುವ ಟ್ಯಾಕೋಗೆ ಮಾತ್ರ, ಇಡುವ ಮುಂಚೆ. ಮೂಲಂಗಿ ಬಿಲ್ಲೆ ನಡುನಡುವೆ ಕಚ್ಚಲು.

ತಿನ್ನುವಾಗ ಟ್ಯಾಕೋ ಮಟ್ಟಸವಾಗಿರಲಿ, ಓರೆಯಾಗಬೇಕಾದದ್ದು ತಲೆ. ಮೂರು ಬೆರಳಲ್ಲಿ ಸಡಿಲವಾಗಿ ಹಿಡಿದು, ತಟ್ಟೆಯ ಮೇಲೆ ಬಾಗಿ, ಅಂಚಿನಿಂದ ಕಚ್ಚಬೇಕು. ಬಿಗಿಯಾಗಿ ಅದುಮಿದರೆ ಹಿಂದಿನಿಂದ ಎಲ್ಲ ಜಾರುತ್ತದೆ. ಜಾರಿದ್ದನ್ನು ಮೂರನೆಯದಕ್ಕೆ ಸೇರಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ನೇರವಾಗಿ ಹೇಳುತ್ತೇನೆ: ಅಣಬೆಯ ಅಥವಾ ರಾಹಾಸ್ ಎಂಬ ಮೆಣಸಿನಕಾಯಿ ಸೀಳುಗಳ ಕೆಸದಿಯಾ (ಚೀಸ್ ತುಂಬಿ ಮಡಚಿದ ಟೋರ್ಟಿಯಾ) ಸಿಗಬಹುದು, ಆದರೆ ಬೇಯುವುದು ಮಾಂಸದ ಕಾವಲಿಯಲ್ಲೇ. ಹುರುಳಿಕಾಯಿ ಬೀಜದ ಪಲ್ಯದಂಥ ಫ್ರಿಹೋಲೆಸ್‌ಗೆ ಹಂದಿಕೊಬ್ಬು, ಕೆಂಪು ಅನ್ನಕ್ಕೆ ಕೋಳಿಸಾರು ಬಿದ್ದಿರುವುದು ಸಾಮಾನ್ಯ. ‘ಸಿನ್ ಮಾಂತೇಕಾ?’ ಎಂದು ಕೇಳಿ, ಅಂದರೆ ಹಂದಿಕೊಬ್ಬು ಇಲ್ಲ ತಾನೆ ಎಂದು.

ಮನೆಗೆ ಒಯ್ಯಲೇಬೇಕಾದರೆ ಕಟ್ಟಿದ ಟ್ಯಾಕೋ ತರಬೇಡಿ, ಮುಚ್ಚಿದ ಡಬ್ಬಿಯ ಹಬೆಗೆ ಅದು ಮುದ್ದೆಯಾಗುತ್ತದೆ. ಮಾಂಸ, ಟೋರ್ಟಿಯಾ, ಈರುಳ್ಳಿ ಬೇರೆ ಬೇರೆ ಕೇಳಿ ತನ್ನಿ. ಕಾದ ಒಣ ಕಾವಲಿಯಲ್ಲಿ ಟೋರ್ಟಿಯಾದ ಒಂದೊಂದು ಮಗ್ಗುಲನ್ನೂ ಇಪ್ಪತ್ತು ಮೂವತ್ತು ಸೆಕೆಂಡು ಬಿಸಿ ಮಾಡಿ, ರೊಟ್ಟಿ ಸುತ್ತಿಡುವಂತೆ ಬಟ್ಟೆಯಲ್ಲಿ ಸುತ್ತಿಡಿ. ಅದೇ ಕಾವಲಿಯಲ್ಲಿ ಮಾಂಸವನ್ನು ಎಣ್ಣೆಯಿಲ್ಲದೆ ಹರಡಿ, ಅಂಚು ಕಪ್ಪಾಗುವವರೆಗೆ ಕೈಯಾಡಿಸದೆ ಬಿಡಿ.