ಗಡಿ ದಾಟಿದ ಮಗು, ಕೆಲಸಕ್ಕೆ ಬಾರದ ನನ್ನ ದಪ್ಪ ಫೈಲು

ಮೊದಲ ಕೇಸಿಗೆ ನಾನು ಕಟ್ಟಿದ ಫೈಲು ಇನ್ನೂರು ಪುಟ ದಾಟಿತ್ತು. ಆರು ವರ್ಷದ ಹುಡುಗಿ. ರಜೆಗೆಂದು ತಾಯಿ ತನ್ನ ತವರು ದೇಶಕ್ಕೆ ಕರೆದುಕೊಂಡು ಹೋಗಿದ್ದರು, ವಾಪಸ್ ಬರಲಿಲ್ಲ. ನನ್ನ ಕಕ್ಷಿದಾರರು ತಂದೆ. ಅವರು ಎಂಥ ಒಳ್ಳೆಯ ಅಪ್ಪ ಅನ್ನೋದಕ್ಕೆ ಫೋಟೋ, ಟೀಚರ್ ಪತ್ರ, ಸಂಬಳದ ಚೀಟಿ, ಮಗಳು ಬಿಡಿಸಿದ ಚಿತ್ರ, ಎಲ್ಲವನ್ನೂ ಸೇರಿಸಿದ್ದೆ. ಇಂಥ ಕೇಸುಗಳಲ್ಲಿ ಪಳಗಿದ ಹಿರಿಯ ವಕೀಲೆಯೊಬ್ಬರು ಫೈಲನ್ನು ತಿರುವಿ ಹಾಕಿ, "ಚೆನ್ನಾಗಿದೆ. ಮಗು ಎಲ್ಲಿ ವಾಸ ಇತ್ತು ಅನ್ನೋದಕ್ಕೆ ಏನಿದೆ?" ಎಂದು ಕೇಳಿದರು. ಬಾಡಿಗೆ ಕರಾರಿನ ಒಂದು ಜೆರಾಕ್ಸ್ ಬಿಟ್ಟರೆ ಏನೂ ಇರಲಿಲ್ಲ.

ಮಕ್ಕಳ ಅಪಹರಣದ ಬಗ್ಗೆ 1980ರಲ್ಲಿ ಆದ ಹೇಗ್ ಒಪ್ಪಂದವನ್ನು ನಾನು ಓದಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಮಗು ಯಾರ ಹತ್ತಿರ ಇರಬೇಕು ಅನ್ನುವುದನ್ನು ಅದು ತೀರ್ಮಾನಿಸುವುದಿಲ್ಲ. ಆ ಪ್ರಶ್ನೆಯನ್ನು ಯಾವ ದೇಶದ ಕೋರ್ಟು ಕೈಗೆತ್ತಿಕೊಳ್ಳಬೇಕು ಅನ್ನುವುದಷ್ಟೇ ಅದರ ಕೆಲಸ. 16 ತುಂಬದ ಮಗುವನ್ನು ಇನ್ನೊಬ್ಬರ ಹಕ್ಕು ಮೀರಿ ಕರೆದೊಯ್ದಿದ್ದರೆ, ಅಥವಾ ವಾಪಸ್ ಕಳಿಸದೆ ಇಟ್ಟುಕೊಂಡಿದ್ದರೆ, ಅದು ಅದುವರೆಗೆ ಬಾಳುತ್ತಿದ್ದ ದೇಶಕ್ಕೆ ಮರಳಬೇಕು. ಉಳಿದ ಜಗಳ ಅಲ್ಲಿ. ಕಕ್ಷಿದಾರರಿಗೆ ಇದನ್ನು ಒಪ್ಪಿಸುವುದೇ ಅರ್ಧ ಕೆಲಸ. "ಗೆದ್ದರೆ ಮಗು ನನಗೇ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ಮಗು ದೇಶಕ್ಕೆ ಬರುತ್ತದೆ, ನಿಮ್ಮ ಕೈಗಲ್ಲ.

ಮಗು ಹೀಗೆ ಬಾಳುತ್ತಿದ್ದುದಕ್ಕೆ ಒಪ್ಪಂದ "ರೂಢಿಯ ವಾಸ" ಅನ್ನುತ್ತದೆ, ಆದರೆ ಹಾಗೆಂದರೇನು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಇಟಲಿಯಲ್ಲಿ ಹುಟ್ಟಿದ ಒಂದು ಕೂಸಿನ ಕೇಸು 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದಿತ್ತು. ಎಲ್ಲಿ ಬೆಳೆಸಬೇಕು ಅಂತ ಅಪ್ಪ ಅಮ್ಮ ಒಪ್ಪಿಕೊಂಡಿರಲೇಬೇಕೆಂದಿಲ್ಲ, ಇಡೀ ಸನ್ನಿವೇಶವನ್ನು ಒಟ್ಟಿಗೆ ನೋಡಿ ಅಂತ ಕೋರ್ಟು ಹೇಳಿತು. ನಾನು ಮಾಡುವುದೂ ಅದನ್ನೇ. ಒಂದು ದೊಡ್ಡ ಹಾಳೆಯಲ್ಲಿ ಕ್ಯಾಲೆಂಡರ್ ಬರೆಯುತ್ತೇನೆ. ಯಾವ ತಿಂಗಳು ಮಗು ಎಲ್ಲಿ ಮಲಗುತ್ತಿತ್ತು? ಪ್ರತಿ ಚೌಕಕ್ಕೂ ಒಂದು ಕಾಗದ: ಲಸಿಕೆ ಕಾರ್ಡು, ಹಲ್ಲಿನ ಡಾಕ್ಟರ ಚೀಟಿ, ಲೈಬ್ರರಿ ಕಾರ್ಡು, ಈಜು ಕ್ಲಾಸಿನ ರಸೀದಿ. ಎಲ್ಲಕ್ಕಿಂತ ಬೆಲೆ ರಿಟರ್ನ್ ಟಿಕೆಟ್ಟಿಗೆ. "ಸೋಮವಾರ ಸ್ಕೂಲು, ಭಾನುವಾರ ಬರ್ತೀವಿ" ಅನ್ನೋ ಒಂದು ಮೆಸೇಜು ನನ್ನ ಹತ್ತು ಪುಟದ ವಾದಕ್ಕಿಂತ ಮೇಲು.

ಅದೇ ಮೆಸೇಜುಗಳು ತಿರುಗಿಯೂ ಬೀಳುತ್ತವೆ. ಜಗಳ ಬೇಡ ಅಂತ ಆ ತಂದೆ ಒಮ್ಮೆ "ಸರಿ, ಇನ್ನೊಂದಿಷ್ಟು ದಿನ ಇರಿ" ಎಂದು ಬರೆದಿದ್ದರು. ಎದುರು ಕಡೆಯವರು ಅದನ್ನೇ ಒಪ್ಪಿಗೆ ಅಂತ ಹಿಡಿದುಕೊಂಡರು. ಅದರಿಂದ ಬಿಡಿಸಿಕೊಳ್ಳಲು ಇಡೀ ಒಂದು ವಿಚಾರಣೆ ಬೇಕಾಯಿತು. ಇನ್ನೊಂದು ಕಡೆ ಗಡಿಯಾರವೂ ಓಡುತ್ತಿತ್ತು. ತಪ್ಪಾಗಿ ಇಟ್ಟುಕೊಂಡ ದಿನದಿಂದ 1 ವರ್ಷದೊಳಗೆ ಕೇಸು ಹೂಡದಿದ್ದರೆ, ಮಗು ಹೊಸ ಜಾಗಕ್ಕೆ ಹೊಂದಿಕೊಂಡಿದೆ ಅಂತ ಎದುರಿನವರು ವಾದಿಸಬಹುದು. ನನ್ನ ಕಕ್ಷಿದಾರರು ಎಂಟು ತಿಂಗಳು ಸುಮ್ನೆ ಕಾದಿದ್ದರು. ಸೆಂಟ್ರಲ್ ಅಥಾರಿಟಿಗೆ, ಅಂದರೆ ಈ ಒಪ್ಪಂದದ ಕೆಲಸಕ್ಕೆಂದು ಪ್ರತಿ ದೇಶ ನೇಮಿಸುವ ಕಚೇರಿಗೆ, ಅರ್ಜಿ ಕೊಟ್ಟರೆ ಸಾಕು ಅಂತ ನಾನೂ ನಂಬಿದ್ದೆ. ಆದರೆ ಒಪ್ಪಂದ ಲೆಕ್ಕ ಹಿಡಿಯುವುದು ಮಗು ಇರುವ ದೇಶದಲ್ಲಿ ಕೇಸು ಶುರುವಾದ ದಿನವನ್ನು. ಇದು ಗೊತ್ತಾದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೇಗೋ ಹನ್ನೊಂದನೇ ತಿಂಗಳಲ್ಲಿ ದಾಖಲಾಯಿತು. ಆರು ವಾರದಲ್ಲಿ ತೀರ್ಪು ಬರದಿದ್ದರೆ ಯಾಕೆ ತಡ ಅಂತ ಕೇಳಬಹುದು ಎಂದು ಒಪ್ಪಂದದಲ್ಲಿದೆ. ನಮಗೆ ಐದು ತಿಂಗಳು ಹಿಡಿಯಿತು.

ಆಮೇಲಿನ ವರ್ಷಗಳಲ್ಲಿ ನಾನು ಎದುರು ಬದಿಯಲ್ಲೂ ನಿಂತೆ. ಮಗುವನ್ನು ಕರೆದುಕೊಂಡು ಹೋಗುವವರಲ್ಲಿ ಜಾಸ್ತಿ ತಾಯಂದಿರೇ. ಕೆಲವರು ಹೊಡೆತ ತಾಳಲಾರದೆ ಓಡಿ ಬಂದವರು. ಅವರನ್ನು "ಅಪಹರಣಕಾರರು" ಅಂತ ಕಾಗದದಲ್ಲಿ ಓದುವಾಗ ಈಗಲೂ ಮನಸ್ಸಿಗೆ ಕಸಿವಿಸಿ. ಮಗುವಿಗೆ ಗಂಭೀರ ಅಪಾಯ ಇದ್ದರೆ ಕಳಿಸಬೇಕಿಲ್ಲ ಎಂದು ಒಪ್ಪಂದದ 13ನೇ ವಿಧಿ ಹೇಳುತ್ತದೆ. ಆದರೆ ತಾಯಿಗೆ ಬಿದ್ದ ಏಟು ಮಗುವಿಗೂ ಅಪಾಯ ಹೇಗೆ ಅಂತ ನಾವೇ ತೋರಿಸಿಕೊಡಬೇಕು. ಇಲ್ಲಿ ನಾನು ಕಲಿತದ್ದು, ಬರೀ ಅಳಲು ಸಾಲದು. ವಾಪಸ್ ಹೋದ ರಾತ್ರಿ ಅವರು ಎಲ್ಲಿ ಮಲಗುತ್ತಾರೆ, ಖರ್ಚಿಗೆ ಹಣ ಯಾರು ಕೊಡುತ್ತಾರೆ, ಗಂಡ ಬಾಗಿಲು ತಟ್ಟಿದರೆ ಯಾವ ಆದೇಶ ತಡೆಯುತ್ತದೆ, ಇವನ್ನೇ ಕೇಳಬೇಕು. "ನಾನು ಏನೂ ಮಾಡಲ್ಲ" ಅಂತ ಅವನು ಇಲ್ಲಿನ ಕೋರ್ಟಿಗೆ ಕೊಟ್ಟ ಮಾತು ಅಲ್ಲಿ ಎಷ್ಟೋ ಸಲ ಬರೀ ಕಾಗದ. ಅದಕ್ಕೇ ಅಲ್ಲಿನ ಕೋರ್ಟಿನಲ್ಲೂ ಅದೇ ಆದೇಶ ಹೊರಡಿಸಿಕೊಳ್ಳುವುದು. ಇದಕ್ಕೆ ನಾವು ಕನ್ನಡಿ ಆದೇಶ ಅನ್ನುತ್ತೇವೆ.

ವಿಚ್ಛೇದನದ ಕಥೆ ಬೇರೆ, ಅದು ಓಟದ ಪಂದ್ಯ. ಯುರೋಪಿಯನ್ ಒಕ್ಕೂಟದೊಳಗೆ ಮೊದಲು ದಾಖಲಾದ ಕೋರ್ಟಿಗೇ ಕೇಸು. ಬೇರೆ ಕಡೆ ಎರಡೂ ದೇಶದಲ್ಲಿ ಒಟ್ಟಿಗೇ ನಡೆಯಬಹುದು. ಒಂದು ದೇಶದಲ್ಲಿ ಮಾಜಿ ಗಂಡ, ಇನ್ನೊಂದರಲ್ಲಿ ಇನ್ನೂ ಗಂಡ ಅನ್ನುವ ಕಕ್ಷಿದಾರರೂ ನನಗಿದ್ದರು.

ಭಾರತವೂ ಸೇರಿದಂತೆ ಹಲವು ದೇಶಗಳು 1980ರ ಒಪ್ಪಂದಕ್ಕೆ ಸೇರಿಲ್ಲ. ಅಂಥಲ್ಲಿಗೆ ಮಗು ಹೋದರೆ ಮೇಲೆ ಹೇಳಿದ ದಾರಿಯೇ ಇಲ್ಲ. ಪ್ರಯಾಣಕ್ಕೆ ಮೊದಲೇ ಕಾಗದ ಬರೆಸಿಕೊಳ್ಳಿ ಅಂತ ಹೇಳಿ ಹೇಳಿ ಸಾಕಾಗಿದೆ.

ಆ ಹುಡುಗಿ ವಾಪಸ್ ಬಂದಳು. ತಂದೆ ಸಿಹಿ ಹಂಚಿದರು. ಹತ್ತು ತಿಂಗಳ ನಂತರ ಅದೇ ದೇಶದ ಕೋರ್ಟು, ಪೂರ್ತಿ ವಿಚಾರಣೆ ಮಾಡಿ, ಮಗಳನ್ನು ಕರೆದುಕೊಂಡು ತವರು ದೇಶಕ್ಕೆ ಹೋಗಲು ತಾಯಿಗೆ ಅನುಮತಿ ಕೊಟ್ಟಿತು. ತಂದೆಗೆ ದೊಡ್ಡ ರಜೆಗಳು ಮತ್ತು ವಾರಕ್ಕೆ ಮೂರು ವಿಡಿಯೋ ಕಾಲ್, ಸಂಜೆ 6ಕ್ಕೆ. ಆದೇಶದ ಕರಡಿನಲ್ಲಿ ಆ ಸಾಲು ಬರೆದವನು ನಾನೇ. ಯಾವ ದೇಶದ ಸಂಜೆ 6 ಅಂತ ಬರೆದಿರಲಿಲ್ಲ. ಬೇಸಿಗೆಗೆ ಗಡಿಯಾರ ಮುಂದೆ ಮಾಡುವ ದಿನ ಎರಡೂ ದೇಶಗಳಲ್ಲಿ ಬೇರೆ ಬೇರೆ. ಮೂರು ವಾರ ಇಬ್ಬರೂ ಜಗಳವಾಡಿದರು. ಈಗ ಪ್ರತಿ ಕರಡಿನಲ್ಲೂ ಬರೆಯುತ್ತೇನೆ: ಮಗು ಆ ದಿನ ಇರುವ ಊರಿನ ಗಡಿಯಾರದಂತೆ.