ಮೂರು ಅಂಗುಲದ ನಳಿಕೆ

ಅಡಿಕೆ ವ್ಯಾಪಾರದವರ ಬಳಿ ಆಯುಧ ಪರವಾನಗಿ ಇರುವುದು ನಮ್ಮ ಕಡೆ ಸುದ್ದಿಯೇನಲ್ಲ. ಭೀಮಸಮುದ್ರದ ಮಂಡಿಯಿಂದ ಹಣದ ಚೀಲ ಹಿಡಿದು ಹೊತ್ತು ಮುಳುಗಿದ ಮೇಲೆ ಚಿತ್ರದುರ್ಗಕ್ಕೆ ಮರಳುತ್ತಿದ್ದ ಕಾಲದಲ್ಲಿ ನಾನೂ ಒಂದನ್ನು ಪಡೆದೆ. ಈಗ ಹಣ ಖಾತೆಯಿಂದ ಖಾತೆಗೆ ಹೋಗುತ್ತದೆ, ಪರವಾನಗಿ ಮಾತ್ರ ನವೀಕರಣವಾಗುತ್ತ ಉಳಿದುಕೊಂಡಿದೆ. ಅದರಲ್ಲಿ ನಮೂದಾಗಿದ್ದ, .32 ಅಳತೆಯ ತೋಟಾ ಹಿಡಿಯುವ ಕಾನ್ಪುರದ ರಿವಾಲ್ವರಿಗೆ ವಯಸ್ಸಾಗಿತ್ತು. ಜಿಲ್ಲಾಧಿಕಾರಿ ಕಚೇರಿಯ ಅನುಮತಿ ಪಡೆದು ಅದನ್ನು ಡೀಲರಿಗೆ ಒಪ್ಪಿಸಿ ಹೊಸದನ್ನು ತಂದೆ. ಆ ಕಾಗದಪತ್ರಗಳ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಪರವಾನಗಿ ಇರುವವರಿಗೆ ಅದು ಗೊತ್ತು, ಇಲ್ಲದವರಿಗೆ ಬೇಡ.

ಹೊಸದೆಂದರೆ ‘ಪ್ರಬಲ್’. ಸರ್ಕಾರದ ಆಯುಧ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಏಳು ಕಂಪನಿಗಳಾದವಲ್ಲ, ಅವುಗಳಲ್ಲಿ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ರಿವಾಲ್ವರ್ ಇದು. ತೋಟಾ ಇಲ್ಲದೆ 700 ಗ್ರಾಂ ತೂಕ, ಒಟ್ಟು ಉದ್ದ 177.6 ಮಿ.ಮೀ., ನಳಿಕೆ 76 ಮಿ.ಮೀ., ಅಂದರೆ ಮೂರು ಅಂಗುಲ. ಈ ಅಂಕಿಗಳಿಗಿಂತ ನನಗೆ ದೊಡ್ಡದಾಗಿ ಕಂಡದ್ದು ಅದು ತೆರೆದುಕೊಳ್ಳುವ ರೀತಿ. ನನ್ನ ಹಳೆಯದು ಬ್ರಿಟಿಷರ ವೆಬ್ಲಿ ರಿವಾಲ್ವರಿನ ವಂಶದ್ದು. ಮೇಲಿನ ಚಿಲಕ ಒತ್ತಿದರೆ ನಡು ಮುರಿದು ಬಾಗುತ್ತಿತ್ತು, ಖಾಲಿ ತೋಟಾಗಳು ತಾವೇ ಮೇಲೆದ್ದು ಬೀಳುತ್ತಿದ್ದವು. ಇದರಲ್ಲಿ ತೋಟಾ ತುಂಬುವ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ಕಡ್ಡಿ ಒತ್ತಿ ತೋಟಾಗಳನ್ನು ನಾವೇ ಹೊರದಬ್ಬಬೇಕು. ವರ್ಷಗಟ್ಟಲೆ ಒಂದಕ್ಕೆ ಒಗ್ಗಿದ ಕೈ ಇನ್ನೊಂದಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸಶಸ್ತ್ರ ಮೀಸಲು ಪಡೆಯವರು ನಾಗರಿಕ ಬಂದೂಕು ತರಬೇತಿ ನಡೆಸುವುದುಂಟು. ಅಂಥ ಶಿಬಿರವೊಂದರಲ್ಲಿ ಪರಿಚಯವಾದ ನಿವೃತ್ತ ದಫೇದಾರರೊಬ್ಬರು ನನ್ನ ಗುರು. ಅನುಮತಿ ಸಿಕ್ಕ ದಿನಗಳಲ್ಲಿ ಊರ ಹೊರಗಿನ ರೇಂಜಿಗೆ ಅವರೂ ಬರುತ್ತಿದ್ದರು. ಹೊಸ ಆಯುಧವನ್ನು ಅವರ ಕೈಗಿತ್ತಾಗ ಮೊದಲು ಸಿಲಿಂಡರ್ ತೆರೆದು ತೋಟಾ ಕೂರುವ ಗೂಡುಗಳನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಅಂಗೈಯಿಂದ ಮೆಲ್ಲನೆ ಒತ್ತಿ ಮುಚ್ಚಿದರು. “ಸಾಹುಕಾರರೇ, ಸಿನಿಮಾದವರ ಹಾಗೆ ಮಣಿಕಟ್ಟು ಒದರಿ ಟಪ್ಪೆಂದು ಮುಚ್ಚುವ ಆಸೆ ಇದ್ದರೆ ಇವತ್ತೇ ಬಿಟ್ಟುಬಿಡಿ” ಎಂದರು. ಸಿಲಿಂಡರನ್ನು ಹೊತ್ತ ತೋಳು ಸಣ್ಣದು. ಹಾಗೆ ಒದರುತ್ತ ಹೋದರೆ ಅದು ಬಾಗಿ, ಗೂಡು ನಳಿಕೆಯ ನೇರಕ್ಕೆ ಬಂದು ನಿಲ್ಲುವುದು ತಪ್ಪುತ್ತದೆ.

ಹಿಡಿತದ ವಿಷಯದಲ್ಲಿ ಅವರು ಬಾಯಿಮಾತಿಗಿಂತ ಹೆಚ್ಚಿನದನ್ನು ಮಾಡಿದರು. ಸಿಲಿಂಡರಿಗೂ ನಳಿಕೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ರಿವಾಲ್ವರ್ ಎಂದ ಮೇಲೆ ಇರಲೇಬೇಕು. ಆ ಸಂದಿನ ಪಕ್ಕಕ್ಕೆ ಬರುವಂತೆ ಎರಡು ಕೋಲಿನ ನಡುವೆ ಬಿಳಿ ಹಾಳೆ ಕಟ್ಟಿ ಒಂದು ಗುಂಡು ಹಾರಿಸಿದರು. ಹಾಳೆಯ ಮೇಲೆ ಕರಿ ಗೀರು ಬಿದ್ದಿತ್ತು, ಗೀರಿನ ನಡುವೆ ಕಾಗದ ಚಿಂದಿಯಾಗಿತ್ತು, ಸುತ್ತ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಬೆರಳು ಅಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ಹೇಳುವ ಅಗತ್ಯವೇ ಬೀಳಲಿಲ್ಲ. ಪಿಸ್ತೂಲು ಹಿಡಿದು ಕಲಿತವರು ಎರಡೂ ಹೆಬ್ಬೆರಳುಗಳನ್ನು ಮುಂದಕ್ಕೆ ಚಾಚಿ ಇಡುತ್ತಾರೆ. ಸಣ್ಣ ರಿವಾಲ್ವರಿನಲ್ಲಿ ಹಾಗೆ ಚಾಚಿದ ಬೆರಳು ನೇರವಾಗಿ ಆ ಸಂದಿನ ಬಳಿಗೆ ಹೋಗುತ್ತದೆ. ಆದ್ದರಿಂದ ಬಲ ಹೆಬ್ಬೆರಳನ್ನು ಕೆಳಕ್ಕೆ ಮಡಚಿ, ಅದರ ಮೇಲೆ ಎಡ ಹೆಬ್ಬೆರಳನ್ನು ಕೂರಿಸಬೇಕು. ಹೆಬ್ಬೆರಳು ತೋರುಬೆರಳುಗಳ ನಡುವಿನ ಕವಲು ಹಿಡಿಯ ಬೆನ್ನಿನಲ್ಲಿ ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು ಮೇಲಿರಬೇಕು, ಆದರೆ ತೋಟಾ ಸಿಡಿಸಲು ಹಿಂದಿನಿಂದ ಬಡಿಯುವ ಹ್ಯಾಮರಿನ ದಾರಿಗೆ ಅಡ್ಡ ಬರಬಾರದು. ರೇಂಜಿನಲ್ಲಿ ಪಕ್ಕಕ್ಕೆ ಬಂದು ನಿಂತು ನೋಡುವವರನ್ನು ಹಿಂದಕ್ಕೆ ಕಳುಹಿಸುವುದಕ್ಕೂ ಆ ಸಂದೇ ಕಾರಣ.

ಇನ್ನು ಗುರಿಯ ಲೆಕ್ಕ. ಬಿಡುಗಡೆಯ ಹೊತ್ತಿಗೆ ಪತ್ರಿಕೆಗಳೆಲ್ಲ ಈ ರಿವಾಲ್ವರಿನ ವ್ಯಾಪ್ತಿ 50 ಮೀಟರ್ ಎಂದು ಬರೆದವು. ಗುಂಡು ಅಷ್ಟು ದೂರ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಿಡಿದವನು ಅಷ್ಟು ದೂರ ಹೋಗಬಲ್ಲನೇ ಎಂಬುದು ಬೇರೆ ಪ್ರಶ್ನೆ. ನಾನು ವ್ಯಾಪಾರಿ, ಲೆಕ್ಕ ಹಾಕದೆ ನಂಬುವುದಿಲ್ಲ. ಗುರಿ ನೋಡುವ ಹಿಂದಿನ ಗುರುತು ಬ್ಯಾಕ್‌ಸೈಟ್‌ನಿಂದ ನಳಿಕೆಯ ತುದಿಯ ಗುರುತು ಫೋರ್‌ಸೈಟ್‌ಗೆ ಸ್ಕೇಲು ಹಿಡಿದರೆ ಹೆಚ್ಚುಕಡಿಮೆ ಹನ್ನೆರಡು ಸೆಂಟಿಮೀಟರು. ಫೋರ್‌ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಎಂಟು ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಐವತ್ತು ಮೀಟರಿನಲ್ಲಿ ನಲವತ್ತು ಸೆಂಟಿಮೀಟರು, ಅಂದರೆ ನಿಂತ ಮನುಷ್ಯನ ಪಕ್ಕದ ಗಾಳಿಗೆ. ಸೈಟ್‌ಗಳ ನಡುವೆ ಎಪ್ಪತ್ತು ಸೆಂಟಿಮೀಟರ್ ಇರುವ ರೈಫಲ್ಲಿನಲ್ಲಿ ಅದೇ ಒಂದು ಮಿಲಿಮೀಟರಿನ ತಪ್ಪು ಹತ್ತು ಮೀಟರಿಗೆ ಒಂದೂವರೆ ಸೆಂಟಿಮೀಟರನ್ನೂ ದಾಟುವುದಿಲ್ಲ. ಜೇಬಿಗೆ ಹಿಡಿಯುವ ಆಯುಧ ಕಲಿಯುವುದಕ್ಕೂ ಸುಲಭ ಎಂದುಕೊಂಡು ಮನೆಯವರ ಹೆಸರಿಗೆ ಕೊಳ್ಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ಹಗುರವಾದದ್ದು ಒಯ್ಯುವುದಕ್ಕೆ ಸುಖ, ಹೊಡೆಯುವುದಕ್ಕೆ ಕಷ್ಟ.

ಈ ಕಾರಣಕ್ಕೆ ನಾನು ಐದು ಮೀಟರಿನಿಂದ ಶುರು ಮಾಡಿದೆ. ಪಕ್ಕದ ಸಾಲಿನವರು ನಕ್ಕರೆ ನಗಲಿ. ಮೊದಲು ಮರಳುಚೀಲದ ಮೇಲೆ ಕೈ ಊರಿ, ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿ, ಸಿಂಗಲ್ ಆಕ್ಷನ್‌ನಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆಯಬೇಕು. ಗುಂಡುಗಳೆಲ್ಲ ಗುಂಪಾಗಿ ಎಲ್ಲಿ ಬೀಳುತ್ತವೆ ಎಂಬುದು ಆಯುಧದ ಸ್ವಭಾವ. ಅದು ಗೊತ್ತಾಗದೆ ಎದ್ದು ನಿಂತು ಹೊಡೆದರೆ, ತಪ್ಪು ಯಾರದು ಎಂದು ಗುರಿಯ ಹಾಳೆ ಹೇಳುವುದಿಲ್ಲ. ಚೀಲದ ಮೇಲೆ ಕೈ ಊರಿದಾಗ ಹಾಳೆಯ ನಡುವಿಗೇ ಬಿದ್ದ ಗುಂಪು, ನಿಂತಾಗ ಎಡಕ್ಕೆ ಕೆಳಗೆ ಇಳಿದರೆ, ಬಲಗೈಯವರಲ್ಲಿ ಅದು ಕೈಯ ಕೆಲಸ. ಸದ್ದನ್ನು ನಿರೀಕ್ಷಿಸಿ ಮಣಿಕಟ್ಟು ಮೊದಲೇ ಕೆಳಕ್ಕೆ ತಳ್ಳಿರುತ್ತದೆ.

ಅದನ್ನು ಹಿಡಿಯುವುದಕ್ಕೆ ದಫೇದಾರರ ಹಳೆಯ ಉಪಾಯವಿತ್ತು. ನಾನು ಆ ಕಡೆ ಮುಖ ಮಾಡಿ ನಿಲ್ಲಬೇಕು, ಅವರು ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟಾ ಸೇರಿಸಿ ಸಿಲಿಂಡರ್ ಮುಚ್ಚಿ ಕೊಡುವರು. ಯಾವುದರ ಸರದಿ ಎಂದು ನನಗೆ ತಿಳಿಯದು. ಡಮ್ಮಿ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ. ನಳಿಕೆಯ ತುದಿ ಅಲುಗಿದರೆ ಅದು ಪೂರ್ತಿ ನಮ್ಮದೇ. ವಾದ ಮಾಡಲು ಜಾಗವೇ ಇಲ್ಲದ ಪರೀಕ್ಷೆ ಅದು. .32 ತೋಟಾ ಅಷ್ಟೇನೂ ಒದೆಯುವುದಿಲ್ಲ. 1896ರಿಂದ ಇರುವ ಸೌಮ್ಯ ತೋಟಾ, ಗುಂಡಿನ ತೂಕ ಆರು ಗ್ರಾಮಿನ ಆಸುಪಾಸು. ಕೈ ಹೆದರುವುದು ಒದೆತಕ್ಕಲ್ಲ, ಗಿಡ್ಡ ನಳಿಕೆಯ ಸದ್ದಿಗೆ ಮತ್ತು ತುದಿಯ ಬೆಂಕಿಗೆ. ಕಿವಿಗೆ ಮಫ್ ಹಾಕುವ ಮೊದಲು ಒಳಗೆ ಇಯರ್‌ಪ್ಲಗ್ ಕೂಡ ಇಟ್ಟುಕೊಂಡರೆ ಗುಂಪು ಚಿಕ್ಕದಾಗುವುದನ್ನು ಹಾಳೆಯ ಮೇಲೆಯೇ ನೋಡಬಹುದು.

ರಿವಾಲ್ವರಿನ ನಿಜವಾದ ಕಲಿಕೆ ಡಬಲ್ ಆಕ್ಷನ್‌ನಲ್ಲಿದೆ. ಟ್ರಿಗರ್ ಒಂದನ್ನೇ ಎಳೆದರೆ ಹ್ಯಾಮರ್ ಹಿಂದೆ ಸರಿಯಬೇಕು, ಸಿಲಿಂಡರ್ ತಿರುಗಬೇಕು, ಹ್ಯಾಮರ್ ಬೀಳಬೇಕು. ಇಷ್ಟೂ ಕೆಲಸ ಒಂದು ಬೆರಳಿನದು. ಎಳೆತ ಉದ್ದ, ಭಾರ. ನಡುವೆ ನಿಲ್ಲಿಸಿ, ಗುರಿ ಸರಿಪಡಿಸಿ, ಮತ್ತೆ ಎಳೆಯುವ ಚಾಳಿ ಬಹಳ ಜನರಿಗಿದೆ. ನಿಲ್ಲಿಸಿದಲ್ಲೇ ನಳಿಕೆ ಅಲುಗುತ್ತದೆ. ಬಾವಿಯಿಂದ ತುಂಬಿದ ಕೊಡ ಸೇದುವವರು ನಡುವೆ ಹಗ್ಗ ಬಿಡುವುದಿಲ್ಲವಲ್ಲ, ಅದೇ ಒಂದೇ ಲಯದಲ್ಲಿ ಕೊನೆಯವರೆಗೆ ಎಳೆಯಬೇಕು. ಬೆರಳಿನ ತುದಿಯ ಬದಲು ಮೊದಲ ಗೆಣ್ಣಿನ ಗೆರೆ ಟ್ರಿಗರಿನ ಮೇಲೆ ಕುಳಿತರೆ ಬಲ ಸಾಲುತ್ತದೆ. ಗುಂಡು ಹಾರಿದ ಮೇಲೆ ಟ್ರಿಗರನ್ನು ಪೂರ್ತಿ ಮುಂದಕ್ಕೆ ಹೋಗಲು ಬಿಡಬೇಕು, ಅರ್ಧ ಬಿಟ್ಟು ಮತ್ತೆ ಎಳೆದರೆ ಕೆಲಸ ಕೆಡುತ್ತದೆ.

ಇದನ್ನೆಲ್ಲ ರೇಂಜಿನಲ್ಲೇ ಕಲಿಯುತ್ತೇನೆಂದರೆ ತೋಟಾ ಎಲ್ಲಿಂದ ಬರಬೇಕು? ಎಷ್ಟು ಕೊಳ್ಳಬಹುದೆಂದು ಪರವಾನಗಿಯಲ್ಲಿ ಬರೆದಿರುತ್ತದೆ, ಪ್ರತಿ ಖರೀದಿಯೂ ನಮೂದಾಗುತ್ತದೆ, ಬೆಲೆ ಬೇರೆ. ಹಾಗಾಗಿ ನನ್ನ ಅಭ್ಯಾಸದ ಹೆಚ್ಚಿನ ಪಾಲು ಮನೆಯ ಕಲ್ಲುಗೋಡೆಯ ಎದುರು, ಡಮ್ಮಿ ತೋಟಾಗಳೊಂದಿಗೆ. ನಿಜವಾದ ತೋಟಾಗಳು ಬೇರೆ ಕೋಣೆಯ ಬೀರುವಿನಲ್ಲಿ, ಬೀಗ ಹಾಕಿ. ಗೂಡುಗಳನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಆಮೇಲೆ ಶುರು. ಫೋರ್‌ಸೈಟ್‌ನ ಹಿಂದೆ ನಳಿಕೆಯ ಬೆನ್ನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಎಳೆಯುತ್ತೇನೆ. ಹ್ಯಾಮರ್ ಬಿದ್ದ ಮೇಲೂ ನಾಣ್ಯ ಅಲ್ಲೇ ಇರಬೇಕು. ಹೆಂಡತಿ ಮೊದಮೊದಲು ನೆಲದ ಮೇಲೆ ನಾಣ್ಯ ಉರುಳುವ ಸದ್ದು ಎಣಿಸುತ್ತಿದ್ದಳು. ಆಮೇಲೆ ಆ ಎಣಿಕೆಯಲ್ಲಿ ಅವಳಿಗೆ ಸ್ವಾರಸ್ಯ ಉಳಿಯಲಿಲ್ಲ. ರೇಂಜಿನ ಹಾಳೆಯಲ್ಲಿ ಕಂಡ ಸುಧಾರಣೆಗೆ ನಾನು ಹೊಡೆದ ತೋಟಾಗಳಿಗಿಂತ ಈ ನಾಣ್ಯದ ಋಣವೇ ಹೆಚ್ಚು.

ತೋಟಾ ಹೊರದಬ್ಬುವ ಕೆಲಸ ನೋಡಲು ಸಣ್ಣದು, ಆದರೆ ಹಳೆಯದರಿಂದ ಹೊಸದಕ್ಕೆ ಬಂದವರು ತಡವರಿಸುವುದೇ ಇಲ್ಲಿ. ಗುಂಡಿ ಒತ್ತಿ ಸಿಲಿಂಡರನ್ನು ಎಡಗೈ ಬೆರಳುಗಳಿಂದ ಹೊರಕ್ಕೆ ತಳ್ಳಿ, ನಳಿಕೆಯನ್ನು ಆಕಾಶಕ್ಕೆ ಎತ್ತಿ, ಕಡ್ಡಿಯನ್ನು ಅಂಗೈಯಿಂದ ಒಂದೇ ಸಲ ಪೂರ್ತಿ ಒತ್ತಬೇಕು. ಖಾಲಿ ತೋಟಾಗಳು ಸ್ವಂತ ಭಾರಕ್ಕೆ ಜಾರಿ ಬೀಳುತ್ತವೆ. ನೆಲದತ್ತ ಹಿಡಿದು ಒತ್ತಿದರೆ ಗೂಡಿನೊಳಗಿನ ಅರೆಸುಟ್ಟ ಮದ್ದಿನ ಕಣಗಳು ಹಿಂದಕ್ಕೆ ಉದುರಿ, ತೋಟಾ ಎತ್ತುವ ನಕ್ಷತ್ರದಾಕಾರದ ಬಿಲ್ಲೆಯ ಅಡಿ ಸೇರುತ್ತವೆ. ನಕ್ಷತ್ರ ಪೂರ್ತಿ ಕೂರುವುದಿಲ್ಲ, ಸಿಲಿಂಡರ್ ಬಿಗಿಯಾಗುತ್ತದೆ, ಟ್ರಿಗರ್ ಕಲ್ಲಾಗುತ್ತದೆ. ನಮ್ಮೂರಿನ ಆಷಾಢದ ಗಾಳಿಯಲ್ಲಂತೂ ಮದ್ದಿನ ಕಣದ ಜತೆ ದುರ್ಗದ ಧೂಳೂ ಸೇರುತ್ತದೆ. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದ ಒಂದು ದಿನ ಪ್ರತಿ ಸುತ್ತಿಗೂ ನಕ್ಷತ್ರದ ಅಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಬೇಕಾಯಿತು. ಆ ಬ್ರಷ್ ಈಗ ಚೀಲದಲ್ಲಿ ಕಾಯಂ. ತುಂಬುವಾಗ ಮಾತ್ರ ನಳಿಕೆ ನೆಲದ ಕಡೆ.

ಟ್ರಿಗರ್ ಎಳೆದಾಗ ಬರೀ ಟಕ್ ಎಂದು ಗುಂಡು ಹಾರದಿದ್ದರೆ ಅರ್ಧ ನಿಮಿಷ ಗುರಿಯ ಹಿಂದಿನ ದಿಬ್ಬದ ಕಡೆಗೇ ಹಿಡಿದು ನಿಲ್ಲಬೇಕು, ತಡವಾಗಿ ಹೊತ್ತಿಕೊಳ್ಳಬಹುದು. ಫುಸ್ ಎಂದು ಸದ್ದು ಕುಗ್ಗಿದರೆ ಇನ್ನೂ ಕೆಟ್ಟದ್ದು: ಗುಂಡು ನಳಿಕೆಯೊಳಗೇ ಸಿಕ್ಕಿರಬಹುದು. ಖಾಲಿ ಮಾಡಿ ಒಳಗೆ ಬೆಳಕು ಕಂಡ ಮೇಲೆಯೇ ಮುಂದಿನ ಮಾತು.

ಚುನಾವಣೆ ಘೋಷಣೆಯಾದರೆ ಈ ಎಲ್ಲ ಅಭ್ಯಾಸಕ್ಕೂ ರಜೆ. ಜಿಲ್ಲಾಡಳಿತದ ಆದೇಶ ಬಂದ ಕೂಡಲೇ ಆಯುಧವನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. 2024ರಲ್ಲಿ ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿದರೂ ಎಣಿಕೆ ಜೂನ್ 4ರಂದು, ನಡುವೆ ದುರ್ಗದ ಬೇಸಿಗೆ. ಒಪ್ಪಿಸುವ ಮುನ್ನ ನಳಿಕೆಗೂ ಗೂಡುಗಳಿಗೂ ಎಣ್ಣೆಯ ಬಟ್ಟೆ ಹಾಯಿಸಿ, ಹೊರಮೈಗೆ ತೆಳುವಾಗಿ ಸವರಿ ಕೊಡಬೇಕು. ಚರ್ಮದ ಹೋಲ್‌ಸ್ಟರ್‌ನಲ್ಲಿ ಇಟ್ಟು ಕೊಡಬಾರದು, ಚರ್ಮ ತೇವ ಹಿಡಿದು ಲೋಹಕ್ಕೆ ತುಕ್ಕು ತರುತ್ತದೆ. ಮರಳಿ ಬಂದ ಮೇಲೆ ಎಣ್ಣೆಯನ್ನು ಪೂರ್ತಿ ಒರೆಸಿ, ನಾಣ್ಯವಿಟ್ಟು ಒಂದೆರಡು ದಿನ ಕೈ ಪಳಗಿಸಿ, ರೇಂಜಿನಲ್ಲಿ ಮತ್ತೆ ಐದು ಮೀಟರಿನಿಂದಲೇ ಶುರು ಮಾಡುತ್ತೇನೆ.