‘ಹೋಗಿದ್ದೆ’ ಎಲ್ಲ ಕಡೆಯೂ ‘ಹ್ಯಾಡ್ ಗಾನ್’ ಅಲ್ಲ: ಇಂಗ್ಲಿಷಿನ ಭೂತಕಾಲವನ್ನು ಆರಿಸುವ ಬಗೆ

‘ನಿನ್ನೆ ಬ್ಯಾಂಕಿಗೆ ಹೋಗಿದ್ದೆ’ ಎಂಬುದು ನಮಗೆ ತೀರ ಸಹಜವಾದ ಮಾತು. ಹೋಗಿ ಬಂದದ್ದೂ ಅದರಲ್ಲಿಯೇ ಅಡಗಿದೆ. ಅದನ್ನೇ ‘ಐ ಹ್ಯಾಡ್ ಗಾನ್ ಟು ದ ಬ್ಯಾಂಕ್ ಯೆಸ್ಟರ್‌ಡೇ’ ಎಂದು ಬರೆದು ನಿಲ್ಲಿಸಿದರೆ, ಇಂಗ್ಲಿಷಿನಲ್ಲಿ ಓದುವವರು ಇನ್ನೊಂದು ಘಟನೆಗಾಗಿ ಕಾಯುತ್ತಾರೆ. ಏಕೆಂದರೆ ‘ಹ್ಯಾಡ್’ ಇರುವುದೇ ಹಿಂದೆ ನಡೆದ ಒಂದು ಸಂಗತಿಗಿಂತಲೂ ಇದು ಮೊದಲಿನದು ಎಂದು ತಿಳಿಸಲು.

ಆದ್ದರಿಂದ ಮೊದಲು ವಾಕ್ಯದಲ್ಲಿ ಮುಗಿದುಹೋದ ಕಾಲವನ್ನು ಹೇಳುವ ಪದವಿದೆಯೇ ಎಂದು ನೋಡಬೇಕು. ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ಇನ್ 2019’ ಇದ್ದಲ್ಲಿ ಸಾಮಾನ್ಯವಾಗಿ ಸಿಂಪಲ್ ಪಾಸ್ಟ್, ಅಂದರೆ ‘ಹ್ಯಾವ್’, ‘ಹ್ಯಾಡ್’ ಸೇರದ ಸರಳ ಭೂತಕಾಲ, ಸಾಕು: ‘ಐ ವೆಂಟ್ ಟು ದ ಬ್ಯಾಂಕ್ ಯೆಸ್ಟರ್‌ಡೇ’. ‘ಐ ಹ್ಯಾವ್ ಸಬ್ಮಿಟೆಡ್ ದ ಫಾರ್ಮ್ ಯೆಸ್ಟರ್‌ಡೇ’ ಎಂಬುದೂ ಸಲ್ಲದು. ‘ಹ್ಯಾವ್’ ಬೇಕೆಂದರೆ ‘ಯೆಸ್ಟರ್‌ಡೇ’ಯನ್ನು ಬಿಡಬೇಕು.

ಎರಡು ಘಟನೆಗಳಿದ್ದಾಗ ನಿಜವಾದ ಎಚ್ಚರ ಬೇಕು. ‘ವೆನ್ ದ ಡಾಕ್ಟರ್ ಕೇಮ್, ದ ಪೇಷಂಟ್ ಲೆಫ್ಟ್’ ಎಂದರೆ ವೈದ್ಯರು ಬಂದರು, ಆಮೇಲೆ ರೋಗಿ ಹೊರಟರು ಎಂದೇ ಓದುಗರು ತಿಳಿಯುತ್ತಾರೆ. ವೈದ್ಯರು ಬಂದದ್ದೇ ಹೊರಡಲು ಕಾರಣವೆಂದೂ ಕೆಲವರು ಊಹಿಸಬಹುದು. ‘ಹ್ಯಾಡ್ ಲೆಫ್ಟ್’ ಎಂದು ಬರೆದರೆ ವೈದ್ಯರು ಬರುವಷ್ಟರಲ್ಲಿ ರೋಗಿ ಅಲ್ಲಿರಲಿಲ್ಲ. ‘ವಾಸ್ ಲೀವಿಂಗ್’ ಎಂದರೆ ಹೊರಡುತ್ತಿದ್ದರು, ಬಾಗಿಲಲ್ಲಿ ಭೇಟಿಯಾಗಿರಲೂ ಬಹುದು. ದೂರುಪತ್ರದಲ್ಲಿಯೋ ಹೇಳಿಕೆಯಲ್ಲಿಯೋ ಈ ಮೂರರ ನಡುವಿನ ಅಂತರ ಯಾರ ತಪ್ಪು ಎಂಬುದನ್ನೇ ಬದಲಿಸಬಲ್ಲದು. ‘ಬಿಫೋರ್’, ‘ಆಫ್ಟರ್’ ಪದಗಳು ಅನುಕ್ರಮವನ್ನು ಸ್ಪಷ್ಟಪಡಿಸಿದ್ದರೆ ‘ಹ್ಯಾಡ್’ ಕಡ್ಡಾಯವಲ್ಲ. ನಡೆದ ಕ್ರಮದಲ್ಲಿಯೇ ಹೇಳುತ್ತ ಹೋಗುವ ಬರಹದಲ್ಲಂತೂ ಅದನ್ನು ಸಾಲುಸಾಲಾಗಿ ಸೇರಿಸುವುದು ಓದನ್ನು ತೊಡಕಾಗಿಸುತ್ತದೆ.

ಉದ್ಯೋಗದ ಅರ್ಜಿ ಬರೆಯುವವರು ಅವಧಿಯನ್ನು ಹೇಳುವಾಗ ಇನ್ನೊಂದು ಅಂಶವನ್ನು ಗಮನಿಸಬೇಕು. ‘ಐ ವರ್ಕ್ಡ್ ದೇರ್ ಫಾರ್ ಟೆನ್ ಇಯರ್ಸ್’ ಎಂದರೆ ಆ ಕೆಲಸ ಮುಗಿದಿದೆ. ಈಗಲೂ ಅಲ್ಲಿಯೇ ಇದ್ದರೆ ‘ಐ ಹ್ಯಾವ್ ವರ್ಕ್ಡ್’ ಅಥವಾ ‘ಐ ಹ್ಯಾವ್ ಬೀನ್ ವರ್ಕಿಂಗ್’ ಎನ್ನಬೇಕು.

ಕೊನೆಯದಾಗಿ, ‘ಪುಟ್’, ‘ಕಟ್’ ಮುಂತಾದ ಕ್ರಿಯಾಪದಗಳ ರೂಪ ಭೂತಕಾಲದಲ್ಲಿ ಬದಲಾಗುವುದಿಲ್ಲ. ‘ದೇ ಪುಟ್ ದ ಫೈಲ್ಸ್ ಇನ್ ದ ಕಬರ್ಡ್’ ಎಂಬುದು ಒಮ್ಮೆ ನಡೆದದ್ದೋ ನಿತ್ಯದ ರೂಢಿಯೋ ತಿಳಿಯದು. ಅಲ್ಲಿ ‘ಲಾಸ್ಟ್ ಮಂಡೇ’ ಎಂದೋ ‘ಎವ್ರಿ ಈವ್ನಿಂಗ್’ ಎಂದೋ ಸೇರಿಸಿದರೆ ಆ ಗೊಂದಲ ಬಹುಮಟ್ಟಿಗೆ ನೀಗುತ್ತದೆ.